ಊರಿಗೊಂದೇ ಕಿಟಕಿ

ಮುಖ ನೋಡಿ ಮನುಷ್ಯರನ್ನು ಗುರುತಿಸುವುದು ಅವಳಿಗೆ ಅಷ್ಟಾಗಿ ಬರುತ್ತಿರಲಿಲ್ಲ. ಕೈ ತೋರಿಸಿದರೆ ಮಾತ್ರ ಇಂಥವರ ಮನೆಯವನು ಎಂದು ಥಟ್ಟನೆ ಹೇಳಿಬಿಡುತ್ತಿದ್ದಳು. ಸರ್ಕಾರಿ ಮದ್ಯದಂಗಡಿಯ ಕಿಟಕಿಯ ಹಿಂದೆ ಕುರ್ಚಿ ಹಾಕಿಕೊಂಡು ಕೂತೇ ಅರ್ಧ ಆಯುಸ್ಸು ಸವೆಸಿದವಳಿಗೆ ಅದೇನೂ ದೊಡ್ಡ ವಿದ್ಯೆಯಲ್ಲ. ಕಿಟಕಿಗೆ ದಪ್ಪ ಕಬ್ಬಿಣದ ಜಾಲರಿ, ಜಾಲರಿಯ ಕೆಳಗೆ ಅರ್ಧಚಂದ್ರದ ಹಾಗೆ ಕೊರೆದ ಕಂಡಿ. ಆಚೆ ನಿಂತವರ ಮುಖ ಜಾಲರಿಯಲ್ಲಿ ಚೂರುಚೂರಾಗಿ ಕಾಣುತ್ತಿತ್ತು. ಕೈ ಮಾತ್ರ ಇಡಿಯಾಗಿ ಒಳಗೆ ಬರುತ್ತಿತ್ತು. ಸುಣ್ಣ ಬಳಿಯುವವನ ಬಿರಿದ ಅಂಗೈ, ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾದ ದರ್ಜಿಯ ಬೆರಳು, ನಿವೃತ್ತಿಯಾಗಿ ಎಷ್ಟೋ ಕಾಲವಾದರೂ ಸೀಮೆಸುಣ್ಣ ಹಿಡಿದಂತೆ ಮೂರು ಬೆರಳು ಕೂಡಿಸಿಕೊಂಡೇ ಇರುವ ಮೇಷ್ಟ್ರ ಕೈ. ನಡುಗುವ ಕೈಗಳು, ನಡುಕವನ್ನು ಮುಚ್ಚಿಡಲು ಹಲಗೆಯ ಮೇಲೆ ಒತ್ತಿ ಹಿಡಿದ ಕೈಗಳು. ಅವು ಊರಿ ಊರಿ ಆ ಹಲಗೆ ಕನ್ನಡಿಯಂತೆ ನುಣುಪಾಗಿತ್ತು.

ಊರಿಗೆ ಇದ್ದದ್ದು ಅದೊಂದೇ ಕಿಟಕಿ. ಹಾಗಾಗಿ ಅವಳು ಎಲ್ಲರಿಗೂ ಕಿಟಕಿಯಕ್ಕ.

ಆ ಕಿಟಕಿಗೆ ಇನ್ನೊಂದು ಗುಟ್ಟಿತ್ತು. ಅದು ಊರಿನ ಹೆಂಗಸರಿಗೆ ಮಾತ್ರ ಗೊತ್ತು. ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ ಅವಳು ಹಿಂಬಾಗಿಲ ಮೆಟ್ಟಿಲ ಮೇಲೆ ಚಹಾ ಕುಡಿಯುತ್ತಾ ಕೂತಿರುತ್ತಿದ್ದಳು. ಆಗ ಯಾರಾದರೊಬ್ಬರು ಸೆರಗು ಸರಿಪಡಿಸಿಕೊಳ್ಳುತ್ತಾ ಬರುತ್ತಿದ್ದರು.

"ಅಕ್ಕ, ಇವತ್ತೊಂದಿನ ನಮ್ಮೋರಿಗೆ ಬೇಡ. ನಾಳೆ ಮಗೂಗೆ ಆಪರೇಷನ್ ಇದೆ, ಸಹಿ ಹಾಕೋಕೆ ಅವರೇ ಬರಬೇಕು."

"ಆಯ್ತು ಹೋಗು. ಕಾಲಿಗೆ ಚಪ್ಪಲಿ ಹಾಕ್ಕೊಂಡು ಬರಬಾರದಾ, ಗಾಜಿನ ಚೂರು ಬಿದ್ದಿರುತ್ತೆ ಇಲ್ಲಿ."

ಅಷ್ಟೇ. ಗಂಡಸು ಬಂದು ಕಂಡಿಯೊಳಗೆ ಕೈ ಚಾಚಿದಾಗ ಅವಳು ತಲೆ ಎತ್ತದೆ ಎರಡೇ ಪದ ಹೇಳುತ್ತಿದ್ದಳು: "ಸ್ಟಾಕ್ ಇಲ್ಲ." ಸರ್ಕಾರಿ ಅಂಗಡಿಯಲ್ಲಿ ಸ್ಟಾಕ್ ಇಲ್ಲವೆಂದರೆ ಯಾರೂ ಆಶ್ಚರ್ಯಪಡುವ ಕಾಲವಲ್ಲ ಅದು. ಬೈದುಕೊಂಡು ಹೋಗುತ್ತಿದ್ದರು. ದರ್ಜಿಯೊಬ್ಬ ಮಾತ್ರ ಒಮ್ಮೆ ಜಾಲರಿಗೆ ಮೂಗು ತಾಗಿಸಿ ಕೇಳಿದ್ದ.

"ಅಲ್ಲಕ್ಕ, ನನ್ನ ಹಿಂದೆ ನಿಂತವನಿಗೆ ಕೊಟ್ಟೆಯಲ್ಲ. ಅದೆಲ್ಲಿಂದ ಬಂತು?"

"ಅವನದು ಬೇರೆ ಸ್ಟಾಕು."

"ನನ್ನದು?"

"ನಿನ್ನದು ಬರ್ತಾ ಇದೆ. ದಾರೀಲಿದೆ."

ಕ್ಯೂ ನಿಂತವರೆಲ್ಲ ನಕ್ಕಿದ್ದರು. ದರ್ಜಿ ಸರ್ಕಾರಕ್ಕೆ, ಲಾರಿಗೆ, ರಸ್ತೆಗೆ, ಕೊನೆಗೆ ತನ್ನ ಹಣೆಗೆ ಶಾಪ ಹಾಕಿ ಮನೆಗೆ ಹೋಗಿ ಊಟ ಮಾಡಿ ಮಲಗಿದ್ದ. ಮಾರನೆಯ ದಿನ ಅವನ ಹೆಂಡತಿ ಹಿಂಬಾಗಿಲಲ್ಲಿ ಬಂದು ಏನೂ ಹೇಳದೆ ಕಿಟಕಿಯಕ್ಕನ ಹರಿದಿದ್ದ ಕೈಚೀಲವನ್ನು ಒಯ್ದು ಹೊಲಿದು ತಂದುಕೊಟ್ಟಿದ್ದಳು.

ಅವಳ ಮನೆಯಲ್ಲಿ ಇದ್ದದ್ದು ತಮ್ಮನೊಬ್ಬನೇ. ಬಡಗಿ. ಊರಿನ ಅರ್ಧ ಮನೆಗಳ ಬಾಗಿಲು ಅವನ ಕೈಯದು. ಮೇಜಾಗಲಿ ಕಪಾಟಾಗಲಿ, ಮೂಲೆಯನ್ನು ಚೂಪಾಗಿ ಬಿಡದೆ ಹೆಬ್ಬೆರಳಿನಷ್ಟು ದುಂಡಗೆ ಕೀಸುವುದು ಅವನ ಅಭ್ಯಾಸ. "ಓಡಾಡೋ ಮಕ್ಕಳ ಹಣೆಗೆ ತಾಗಬಾರದು" ಎನ್ನುತ್ತಿದ್ದ. ಕುಡಿತಕ್ಕೆ ಬಿದ್ದ ಮೇಲೆ ಆ ಕೈಯೇ ಮೊದಲು ಹೋಯಿತು. ಉಳಿ ಜಾರಿ ಎಡಗೈ ಹರಿದುಕೊಂಡ. ಆಮೇಲೆ ಒಂದು ಬೆಳಿಗ್ಗೆ ಬಚ್ಚಲಲ್ಲಿ ರಕ್ತ ಕಾರಿಕೊಂಡು ಬಿದ್ದ. ಆಸ್ಪತ್ರೆಯ ಡಾಕ್ಟರು ಅವಳೊಬ್ಬಳನ್ನೇ ಹೊರಗೆ ಕರೆದು, "ಇನ್ನೊಂದು ಸಲ ಶುರುಮಾಡಿದರೆ ನನ್ನ ಹತ್ರ ಕರ್ಕೊಂಡು ಬರೋ ತೊಂದರೆ ತಗೋಬೇಡಿ" ಎಂದಿದ್ದರು.

ಅವಳು ಅವನಿಗೆ ಬುದ್ಧಿ ಹೇಳಲಿಲ್ಲ, ಆಣೆ ಹಾಕಿಸಲಿಲ್ಲ. ಅವನ ಪಾಲಿಗೆ ಕಿಟಕಿ ಮುಚ್ಚಿದಳು. ಪಕ್ಕದೂರಿನ ಕಿಟಕಿಯಲ್ಲಿ ಕೂರುವವಳಿಗೆ ಫೋನ್ ಮಾಡಿ ಅವನ ಎಡಗೈಯ ಗಾಯದ ಗುರುತು ಹೇಳಿದಳು. ಅವನ ಗೆಳೆಯರು ಅವನಿಗಾಗಿ ಕೊಳ್ಳಲು ಬಂದರೆ ಅವಳಿಗೆ ಹೇಗೋ ತಿಳಿದುಬಿಡುತ್ತಿತ್ತು. ಬೇರೆಯವರಿಗಾಗಿ ಕೊಳ್ಳುವ ಕೈ ತುಸು ಹೆಚ್ಚು ಧೈರ್ಯವಾಗಿ ಒಳಗೆ ಬರುತ್ತದೆ. "ಸ್ಟಾಕ್ ಇಲ್ಲ." ಎರಡು ಮಳೆಗಾಲ ಕಳೆದವು. ತಮ್ಮನ ಕೈಯ ನಡುಕ ಇಳಿಯಿತು. ಅವನು ಮತ್ತೆ ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡು ಹೊರಡತೊಡಗಿದ. ಅಡುಗೆಮನೆಗೆ ಒಂದು ಕಪಾಟು ಮಾಡಿಕೊಟ್ಟ. ಅವಳು ಪಾತ್ರೆ ಇಡುವಾಗಲೆಲ್ಲ ಅದರ ದುಂಡು ಮೂಲೆಯನ್ನು ಒಮ್ಮೆ ಸವರುತ್ತಿದ್ದಳು. ಊರಿಗೆ ಒಂದೇ ಕಿಟಕಿ, ಆ ಕಿಟಕಿಯಲ್ಲಿ ತಾನು. ಅವನ ಜೀವ ನಿಂತಿದ್ದೇ ಅದರ ಮೇಲೆ ಎಂದು ಅವಳು ನಂಬಿದ್ದಳು.

ಹಾಗಿರುವಾಗ ಸುದ್ದಿ ಬಂತು. ಮದ್ಯ ಮಾರುವುದು ಸರ್ಕಾರದ ಕೆಲಸವಲ್ಲವಂತೆ. ಈ ತಿಂಗಳಿಗೆ ಸರ್ಕಾರಿ ಅಂಗಡಿಗಳೆಲ್ಲ ಬಂದ್, ಇನ್ನು ಮುಂದೆ ಖಾಸಗಿಯವರು ಎಲ್ಲಿ ಬೇಕಾದರೂ ತೆರೆಯಬಹುದು, ಎಷ್ಟು ಹೊತ್ತು ಬೇಕಾದರೂ ಮಾರಬಹುದು. ಸುತ್ತೋಲೆ ತಂದ ಸಾಹೇಬರು ಕಾರಣವನ್ನೂ ವಿವರಿಸಿದರು. "ಜನರಿಂದ ಬರೀ ದೂರು ಕಣಮ್ಮ. ಹೋದಾಗಲೆಲ್ಲ ಸ್ಟಾಕ್ ಇಲ್ಲ ಅಂತಾರಂತೆ. ಅದರಲ್ಲೂ ನಿಮ್ಮ ಅಂಗಡಿ ಮೇಲೇ ಜಾಸ್ತಿ."

ಹಿಂದೆ ಗೋದಾಮಿನ ಅಣ್ಣ ಕೆಮ್ಮಿದ. ಪೆಟ್ಟಿಗೆ ಹೊತ್ತು ಹೊತ್ತು ಬೆನ್ನು ಬಾಗಿದ ಆ ಮುದುಕನಿಗೆ ಎಲ್ಲವೂ ಗೊತ್ತಿತ್ತು.

ಊರಿನವರು ಸಮಾಧಾನ ಹೇಳಲು ಬಂದರು. ಕೆಲಸ ಹೋದರೇನು, ಏನಾದರೂ ಕೊಟ್ಟೇ ಕಳಿಸುತ್ತಾರೆ, ತಮ್ಮ ದುಡಿಯುತ್ತಿದ್ದಾನಲ್ಲ ಎಂದರು. ಅವಳು ಹೂಂಗುಟ್ಟಿದಳು. ಕೆಲಸದ ಯೋಚನೆ ಅವಳ ತಲೆಯಲ್ಲೇ ಇರಲಿಲ್ಲ. ಪಕ್ಕದ ಬೀದಿಯಲ್ಲಿ ಟೈರ್ ಸಾಹುಕಾರ ತನ್ನ ಹಳೆಯ ಟೈರ್ ಅಂಗಡಿಯನ್ನೇ ಒಡೆದು ಗಾಜಿನ ಬಾಗಿಲು ಕೂರಿಸುತ್ತಿದ್ದ. ಅಲ್ಲಿ ಕಿಟಕಿ ಇರುವುದಿಲ್ಲವಂತೆ, ಜಾಲರಿ ಇರುವುದಿಲ್ಲವಂತೆ. ಗಿರಾಕಿ ಒಳಗೆ ಹೋಗಿ ಬೇಕಾದ್ದನ್ನು ಕೈಯಾರೆ ಎತ್ತಿಕೊಳ್ಳುವುದಂತೆ. ರಾತ್ರಿ ಹಾಸಿಗೆಯಲ್ಲಿ ಬಿದ್ದುಕೊಂಡು ಅವಳು ಗಾಯದ ಗುರುತಿರುವ ಒಂದು ಎಡಗೈ ಸಾಲಾಗಿಟ್ಟ ಬಾಟಲಿಗಳ ಮೇಲೆ ಹರಿದಾಡುವುದನ್ನು ಕಾಣುತ್ತಿದ್ದಳು.

ತಮ್ಮನ ಹತ್ತಿರ ಮಾತೆತ್ತಲಿಲ್ಲ. ಹೊಸ ಅಂಗಡಿಯ ಹೆಸರು ಹೇಳಿದರೆ ಅವನಿಗೆ ನೆನಪು ಮಾಡಿಕೊಟ್ಟಂತಾದೀತು ಎಂಬ ಹೆದರಿಕೆ. ಅವನೂ ಆ ವಾರವೆಲ್ಲ ಬೆಳಿಗ್ಗೆ ಬೇಗ ಹೊರಟುಬಿಡುತ್ತಿದ್ದ. "ಹಾಸ್ಟೆಲ್‌ನೋರಿಗೆ ಮಂಚ ಮಾಡ್ತಾ ಇದೀನಿ, ದೊಡ್ಡ ಕೆಲಸ" ಎಂದಿದ್ದ. ಸಂಜೆ ಬಂದಾಗ ಮುಖದಲ್ಲಿ ಏನೋ ಕಳೆ. ಒಂದೆರಡು ಸಲ ಏನೋ ಹೇಳಲು ಬಾಯಿ ತೆರೆದು ಸುಮ್ಮನಾಗಿದ್ದ.

ಕೊನೆಗೆ ಅವಳು ತಡೆಯಲಾರದೆ ಒಂದು ಕೆಲಸ ಮಾಡಿದಳು. ಊರಿನ ಹೆಂಗಸರು ತನ್ನ ಹಿಂಬಾಗಿಲಿಗೆ ಬರುತ್ತಿದ್ದಂತೆಯೇ ಅವಳೂ ಒಂದು ಬೆಳಿಗ್ಗೆ ಟೈರ್ ಸಾಹುಕಾರನ ಹಿಂಬಾಗಿಲಿಗೆ ಹೋದಳು. ಅಂಗಡಿಯ ಹುಡುಗರಿಗೆ ಗುರುತು ಸಿಗಲೆಂದು ಕೈಚೀಲದಲ್ಲಿ ತಮ್ಮನ ಫೋಟೋ ಇಟ್ಟುಕೊಂಡಿದ್ದಳು. ಸಾಹುಕಾರ ಅಂಗಡಿಯ ಹಿಂದಿನ ಅಂಗಳದಲ್ಲಿ ಹಲ್ಲುಜ್ಜುತ್ತಿದ್ದ.

"ಏನಮ್ಮ ಕಿಟಕಿ, ಕೆಲಸ ಕೇಳೋಕೆ ಬಂದ್ಯಾ? ನಮ್ಮಲ್ಲಿ ಸ್ಟಾಕ್ ಇಲ್ಲ ಅನ್ನೋರು ಬೇಡಮ್ಮ, ಇದೆ ಅನ್ನೋರು ಬೇಕು."

"ಕೆಲಸ ಬೇಡ ಸಾಹುಕಾರ್ರೇ. ಒಂದೇ ಒಂದು ಉಪಕಾರ." ಅವಳು ಫೋಟೋ ಚಾಚಿದಳು. "ಇವನು ಬಂದರೆ ಕೊಡಬೇಡಿ. ಇವನೊಬ್ಬನಿಗೆ ಮಾತ್ರ. ಕುಡಿದರೆ ಉಳಿಯಲ್ಲ ಇವನು. ಡಾಕ್ಟ್ರು ಹೇಳಿದ್ದಾರೆ."

ಸಾಹುಕಾರ ಬಾಯಿಯ ನೊರೆ ಉಗಿದು ಫೋಟೋವನ್ನು ಬೆಳಕಿಗೆ ಹಿಡಿದ.

"ಅಯ್ಯೋ, ಇವನು ನಮ್ಮ ಬಡಗಿ ಅಲ್ವೇನಮ್ಮ!"

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅವನ ಭುಜದ ಆಚೆ ತೆರೆದ ಬಾಗಿಲಿತ್ತು, ಒಳಗೆ ಟ್ಯೂಬ್‌ಲೈಟಿನ ಬೆಳಕಿತ್ತು. ಗೋಡೆಯುದ್ದಕ್ಕೂ ಹೊಸ ಮರದ ಕಪಾಟು. ಕೆಳಗೆ ಬಾಟಲಿಗಳ ಪೆಟ್ಟಿಗೆಗಳು ಸೊಂಟದೆತ್ತರಕ್ಕೆ ಪೇರಿಸಿದ್ದವು. ಕಪಾಟಿನ ಪ್ರತಿ ಹಲಗೆಯ ಮೂಲೆಯೂ ಹೆಬ್ಬೆರಳಿನಷ್ಟು ದುಂಡಗಿತ್ತು.

"ಅಲ್ಲ, ಅಲ್ಲ..." ಅವಳು ಫೋಟೋ ಕಿತ್ತುಕೊಳ್ಳಲು ಹೋದಳು. "ತಪ್ಪಾಯ್ತು. ಇದು ಹಳೇ ಮಾತು. ಈಗ ಅವನು ಮುಟ್ಟೋದೇ ಇಲ್ಲ. ಸುಮ್ಮನೆ ನನ್ನ ಹೆದರಿಕೆ, ಹೆಂಗಸಿನ ಹೆದರಿಕೆ."

"ಒಳ್ಳೇದಾಯ್ತು ಹೇಳಿದ್ದು. ಇಂಥವನನ್ನ ಬಾಟಲಿ ಪೆಟ್ಟಿಗೆ ಮಧ್ಯೆ ಬಿಟ್ಟುಕೊಂಡು ಕೂತಿದ್ನಲ್ಲ ನಾನು! ಇವತ್ತೇ ಲೆಕ್ಕ ಮುಗಿಸ್ತೀನಿ."

"ಸಾಹುಕಾರ್ರೇ, ಕೆಲಸ ತಪ್ಪಿಸಬೇಡಿ. ಕೊಡಬೇಡಿ ಅಂದೆ ಅಷ್ಟೇ."

"ಕೆಲಸಕ್ಕೆ ಬೇಡಮ್ಮ. ಗಿರಾಕಿಯಾಗಿ ಬರಲಿ ಬೇಕಾದ್ರೆ. ದುಡ್ಡು ಹಿಡ್ಕೊಂಡು ಬಂದವನಿಗೆ ಬೇಡ ಅನ್ನೋಕೆ ನಾನ್ಯಾರು?" ಎಂದು ಅವನು ಮುಖ ತೊಳೆಯಲು ಬಗ್ಗಿದ.

ಅವಳು ಆ ದಿನ ಕಿಟಕಿಯಲ್ಲಿ ಹೇಗೆ ಕೂತಿದ್ದಳೋ ಅವಳಿಗೇ ಗೊತ್ತಿಲ್ಲ. ಸಂಜೆ ಮನೆಗೆ ಬಂದರೆ ತಮ್ಮ ಆಗಲೇ ಬಂದಿದ್ದ. ಉಪಕರಣದ ಚೀಲ ಬಾಗಿಲ ಬಳಿ ಬಿದ್ದಿತ್ತು. ಮೇಜಿನ ಮೇಲೆ ಸೀಲು ಒಡೆಯದ ಒಂದು ತುಂಬು ಬಾಟಲಿ ನಿಂತಿತ್ತು.

ಅವಳು ಹೊಸ್ತಿಲಲ್ಲೇ ನಿಂತಳು. ಅವನು ಅವಳ ಕಡೆ ನೋಡಲಿಲ್ಲ.

"ನನ್ನ ಕೂಲಿ" ಎಂದ. "ಸಾಹುಕಾರ ಕೊಟ್ಟ. ದುಡ್ಡು ಕೊಟ್ಟರೆ ಹೇಗೂ ಇದನ್ನೇ ತಗೋತೀಯ, ನಿನಗ್ಯಾಕೆ ಓಡಾಟ, ನೇರ ಇದನ್ನೇ ತಗೊಂಡು ಹೋಗು ಅಂದ. ಕೆಲಸದೋರೆಲ್ಲ ನಕ್ಕರು. ನಾನೂ ನಕ್ಕೆ."

"ತಮ್ಮಾ..."

"ಫೋಟೋ ತೋರಿಸಿದೆಯಂತೆ. ಕಳೆದುಹೋದ ಮಗು ಹುಡುಕೋರ ಥರ."

"ನನಗೆ ಗೊತ್ತಿರಲಿಲ್ಲ ಕಣೋ, ನೀನು ಅಲ್ಲಿ ಕೆಲಸಕ್ಕೆ ಹೋಗ್ತಿದೀಯ ಅಂತ. ಮಂಚ ಅಂದೆಯಲ್ಲ ನೀನು."

"ನಿಜ ಹೇಳಿದ್ರೆ ಬಿಡ್ತಿದ್ಯಾ?" ಅವನು ಮೊದಲ ಸಲ ತಲೆಯೆತ್ತಿದ. "ವಾರವೆಲ್ಲ ಆ ಪೆಟ್ಟಿಗೆಗಳ ಮಧ್ಯೆ ಕೂತು ಮರ ಕೀಸಿದೀನಿ ಅಕ್ಕ. ಒಂದಿನ ಪೆಟ್ಟಿಗೆ ಜಾರಿ ಬಿದ್ದು ಒಡೆದು ನೆಲವೆಲ್ಲ ಒದ್ದೆಯಾಯ್ತು. ನಾನೇ ಬಟ್ಟೆ ತಗೊಂಡು ಒರೆಸಿದೆ. ಬಟ್ಟೆ ಹಿಂಡಿದೆ. ಕೈಯೆಲ್ಲ ಅದೇ ವಾಸನೆ. ಹೊರಗೆ ಹೋಗಿ ವಾಂತಿ ಮಾಡ್ಕೊಂಡು ಬಂದು ಮತ್ತೆ ಉಳಿ ಹಿಡಿದೆ. ನಿನಗೆ ಹೇಳಬೇಕು ಅಂತ ಬಾಯಿ ತುದೀಲಿತ್ತು. ಪೂರ್ತಿ ಮುಗೀಲಿ, ಕರ್ಕೊಂಡು ಹೋಗಿ ನೋಡು ಅಂತ ತೋರಿಸೋಣ ಅಂದ್ಕೊಂಡಿದ್ದೆ."

ಅವಳು ಬಾಟಲಿಯ ಕಡೆಗೆ ಕೈ ಚಾಚಿದಳು. ಬಚ್ಚಲಿಗೆ ಸುರಿದುಬಿಡಬೇಕು, ಈಗಲೇ.

"ಮುಟ್ಟಬೇಡ." ದನಿ ಏರಲಿಲ್ಲ. ಆದರೂ ಅವಳ ಕೈ ನಡುದಾರಿಯಲ್ಲೇ ನಿಂತಿತು. "ಎರಡು ವರ್ಷದಿಂದ ನಾನು ಕುಡಿದಿಲ್ಲ ಅಂತ ಊರೆಲ್ಲ ಹೊಗಳುತ್ತೆ. ನಾನು ಕುಡಿದಿಲ್ವೋ, ನೀನು ಕೊಟ್ಟಿಲ್ವೋ, ನನಗೇ ಗೊತ್ತಿಲ್ಲ. ಅಲ್ಲಿರ್ಲಿ ಅದು."

ಆ ರಾತ್ರಿ ಅವರಿಬ್ಬರೂ ಊಟ ಮಾಡಲಿಲ್ಲ. ಬೆಳಿಗ್ಗೆ ಅವಳು ಹೊರಟಾಗ ಬಾಟಲಿ ಇಟ್ಟಲ್ಲೇ ಇತ್ತು, ತಮ್ಮ ಗೋಡೆಗೆ ಮುಖ ಮಾಡಿ ಮಲಗಿದ್ದ. ನಿದ್ದೆ ಮಾಡುತ್ತಿರಲಿಲ್ಲ. ಅದು ಕಿಟಕಿಯ ಕೊನೆಯ ದಿನ. ಸಂಜೆಗೆ ಸಾಹೇಬರು ಬಂದು ಉಳಿದ ಬಾಟಲಿ ಎಣಿಸಿ ಬೀಗಕ್ಕೆ ಅರಗಿನ ಮುದ್ರೆ ಹಾಕುವವರಿದ್ದರು. ಅಲ್ಲಿಯವರೆಗೆ ಅವಳು ಕದಲುವ ಹಾಗಿರಲಿಲ್ಲ. ಹೋಗದಿದ್ದರೆ ಅಲ್ಲಿ ಕಿಟಕಿ ಖಾಲಿ, ಹೋದರೆ ಇಲ್ಲಿ ಬಾಟಲಿಯ ಜೊತೆ ತಮ್ಮನೊಬ್ಬನೇ. ಹೊಸ್ತಿಲ ಮೇಲೆ ನಿಂತು ಏನಾದರೂ ಹೇಳಬೇಕೆಂದುಕೊಂಡಳು. ಬಾಯಿಗೆ ಬಂದದ್ದು, "ಬಾಗಿಲು ಹಾಕ್ಕೋ" ಎಂಬ ಮಾತು ಮಾತ್ರ.

ಅಂಗಡಿಯ ಮುಂದೆ ಜಾತ್ರೆಯಂತೆ ಜನ. ಕಡಿಮೆ ಬೆಲೆಗೆ ಖಾಲಿ ಮಾಡುತ್ತಾರೆಂದು ಯಾರೋ ಸುದ್ದಿ ಹಬ್ಬಿಸಿದ್ದರು. ಕೈಗಳ ಮೇಲೆ ಕೈಗಳು ಕಂಡಿಯೊಳಗೆ ನುಗ್ಗುತ್ತಿದ್ದವು. ಅವಳು ಯಾಂತ್ರಿಕವಾಗಿ ಬಾಟಲಿಗೆ ಪೇಪರ್ ಸುತ್ತಿ ದಾಟಿಸುತ್ತಿದ್ದಳು. ಪ್ರತಿ ಬಾಟಲಿಯನ್ನು ಹಲಗೆಯ ಮೇಲಿಟ್ಟಾಗಲೂ ಮನೆಯ ಮೇಜಿನ ಸದ್ದು ಕೇಳಿದಂತಾಗುತ್ತಿತ್ತು. ಸೀಲು ಒಡೆದಿರಬಹುದೇ? ಒಡೆದು ಎಷ್ಟು ಹೊತ್ತಾಗಿರಬಹುದು?

ಮೇಷ್ಟ್ರ ಸರದಿ ಬಂತು. "ಕಿಟಕಿಯಕ್ಕ, ಇವತ್ತಾದ್ರೂ ನಿಜ ಹೇಳಮ್ಮ. ಇಷ್ಟು ವರ್ಷ ಸ್ಟಾಕ್ ಇತ್ತೋ, ಇರಲಿಲ್ವೋ?"

"ಇತ್ತು ಮೇಷ್ಟ್ರೇ."

ಹಿಂದಿನಿಂದ ಯಾರೋ ನಕ್ಕರು, ಯಾರೋ ಬೈದರು. "ಅದೇ ಅಂದ್ಕೊಂಡೆ ನಾನು!" ಎಂದು ದರ್ಜಿ ಕೂಗಿದ. "ನನ್ನ ಸ್ಟಾಕು ದಾರೀಲಿದೆ ಅಂತ ಎಷ್ಟು ವರ್ಷ ಕಾಯಿಸಿದೆಯಲ್ಲಕ್ಕ, ಯಾವ ದಾರಿ ಅದು?"

ಮೇಷ್ಟ್ರು ನಗಲಿಲ್ಲ. ಬಾಟಲಿ ತೆಗೆದುಕೊಳ್ಳುವಾಗ ಅವರ ಮೂರು ಬೆರಳು ಜಾಲರಿಯನ್ನು ಮೆಲ್ಲಗೆ ತಟ್ಟಿದವು. "ನನ್ನ ಹೆಂಡತಿನೂ ಬಂದಿದ್ಲೇನಮ್ಮ, ಹಿಂಬಾಗಿಲಿಗೆ?"

"ಬರ್ತಿದ್ರು."

"ತೀರಿಕೊಳ್ಳೋವರೆಗೂ ಒಂದು ಮಾತೂ ಹೇಳಲಿಲ್ಲ ನನಗೆ" ಎಂದು ಅವರು ಬಾಟಲಿಯನ್ನು ಹಲಗೆಯ ಮೇಲೇ ಬಿಟ್ಟು ಹೋದರು. ಹಿಂದಿನವನು ಅದನ್ನು ಎತ್ತಿಕೊಂಡ.

ಮಧ್ಯಾಹ್ನದ ಹೊತ್ತಿಗೆ ಹಿಂಬಾಗಿಲಲ್ಲಿ ದರ್ಜಿಯ ಹೆಂಡತಿ ಬಂದು ನಿಂತಳು. ಏನೂ ಕೇಳಲು ಬಂದಿರಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತು, "ನಾಳೆಯಿಂದ ಯಾರಿಗೆ ಹೇಳಲಿ ಅಕ್ಕ?" ಎಂದಳಷ್ಟೆ.

ಕಿಟಕಿಯಕ್ಕ ಅವಳನ್ನು ನೋಡಿದಳು. ಆಗ ಅವಳಿಗೆ ತಟ್ಟನೆ ಹೊಳೆಯಿತು. ಇಷ್ಟು ವರ್ಷ ಎಲ್ಲರೂ ಬಂದು ತನಗೆ ಹೇಳಿದ್ದರು. ಯಾರೂ ಅವರವರ ಮನೆಯವನಿಗೆ ಹೇಳಿರಲಿಲ್ಲ. ತಾನೂ ಹೇಳಿರಲಿಲ್ಲ. ಒಂದೇ ಒಂದು ಸಲವೂ ತಮ್ಮನ ಎದುರು ಕೂತು, ಏನಾಗುತ್ತೆ ನಿನಗೆ, ಹೇಗಿರುತ್ತೆ ಅದು ಎಂದು ಕೇಳಿರಲಿಲ್ಲ.

ಕಂಡಿಯೊಳಗೆ ಯಾರದೋ ನಡುಗುವ ಕೈ ಕಾಯುತ್ತಿತ್ತು. ಅವಳು ಕುರ್ಚಿಯಿಂದ ಎದ್ದಳು.

"ಎಲ್ಲಿಗಮ್ಮ?" ಗೋದಾಮಿನ ಅಣ್ಣ ಗಾಬರಿಯಾದ. "ಸಂಜೆಗೆ ಸಾಹೇಬರು ಬರ್ತಾರೆ. ಎಣಿಕೆಗೆ ನೀನಿಲ್ಲ ಅಂದ್ರೆ ಕೆಲಸ ಹೋಗುತ್ತೆ!"

"ಹೋಗಿ ಆಯ್ತಲ್ಲಣ್ಣ. ಇನ್ನೆಲ್ಲಿಗೆ ಹೋಗುತ್ತೆ ಅದು?"

ಕಿಟಕಿಯ ಕದವನ್ನು ಮುಚ್ಚುವುದಕ್ಕೂ ಅವಳು ನಿಲ್ಲಲಿಲ್ಲ. ಚಪ್ಪಲಿ ಹಿಂಬಾಗಿಲ ಮೆಟ್ಟಿಲಲ್ಲೇ ಉಳಿಯಿತು. ಪಕ್ಕದ ಬೀದಿಯಲ್ಲಿ ಗಾಜಿನ ಬಾಗಿಲಿಗೆ ಬಣ್ಣದ ಕಾಗದ ಕಟ್ಟುತ್ತಿದ್ದರು, ಯಾರೋ ಮೈಕ್ ಪರೀಕ್ಷೆ ಮಾಡುತ್ತಿದ್ದರು. ಅವಳು ಓಡಿದಳು. ಆ ವಯಸ್ಸಿನ ಹೆಂಗಸು ಬರಿಗಾಲಲ್ಲಿ ಓಡುವುದನ್ನು ಕಂಡವರು ಯಾರೋ ತೀರಿಕೊಂಡಿರಬೇಕು ಎಂದುಕೊಂಡು ದಾರಿ ಬಿಟ್ಟರು.

ಮನೆಯ ಬಾಗಿಲು ಬರೀ ಮುಂದೆ ಮಾಡಿತ್ತು. ತಳ್ಳಿದಳು.

ಸೀಲು ಒಡೆದಿತ್ತು. ವಾಸನೆ ಬಾಗಿಲಿಗೇ ಬಂದು ಎದುರುಗೊಂಡಿತು. ಮೇಜಿನ ಮೇಲೆ ಒಂದು ಲೋಟ ಅಂಚಿನವರೆಗೂ ತುಂಬಿತ್ತು. ತಮ್ಮ ಅದರ ಎದುರು ಕುರ್ಚಿಯಲ್ಲಿ ಕೂತಿದ್ದ. ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿ ಅದರ ಮೇಲೆ ಮೈಭಾರ ಬಿಟ್ಟಿದ್ದ. ಅಂಗಿ ಬೆವರಿನಲ್ಲಿ ತೊಯ್ದು ಬೆನ್ನಿಗೆ ಅಂಟಿತ್ತು.

"ನೀನು ಬರೋವರೆಗೂ ನೋಡೋಣ ಅಂದ್ಕೊಂಡೆ" ಎಂದ. "ಇಷ್ಟು ಬೇಗ ಬರ್ತೀಯ ಅಂತ ಗೊತ್ತಿರಲಿಲ್ಲ. ಸಂಜೆವರೆಗೆ ಆಗ್ತಿರಲಿಲ್ಲ ಅಕ್ಕ ನನ್ನ ಕೈಲಿ. ಆಗ್ತಿರಲಿಲ್ಲ."

ಅವಳು ಏದುಸಿರು ಬಿಡುತ್ತಾ ಎದುರಿನ ಕುರ್ಚಿಯಲ್ಲಿ ಕೂತಳು. ನಡುವೆ ಲೋಟ. ಅವಳ ಕೈ ತಾನಾಗಿಯೇ ಅದರ ಕಡೆ ಹೊರಟಿತು. ಅದನ್ನು ಅವಳು ಹಿಂದಕ್ಕೆಳೆದು ಮಡಿಲಲ್ಲಿಟ್ಟುಕೊಂಡಳು.

"ಬೇಕಾ ನಿನಗೆ?" ಎಂದು ಕೇಳಿದಳು.

ಅವನ ಗಲ್ಲ ಅದುರಿತು, ಚಿಕ್ಕಂದಿನಲ್ಲಿ ಬಿದ್ದು ಮೊಣಕಾಲು ಒಡೆದುಕೊಂಡಾಗ ಅದುರುತ್ತಿದ್ದ ಹಾಗೆ.

"ಬೇಕಕ್ಕ. ತುಂಬಾ ಬೇಕು. ದಿನಾ ಬೇಕು. ಈ ಎರಡು ವರ್ಷದಲ್ಲಿ ಬೇಡ ಅನ್ನಿಸಿದ ದಿನ ಒಂದೂ ಇಲ್ಲ."

"ನನಗೆ ಹೇಳಲೇ ಇಲ್ಲ ನೀನು."

"ನೀನು ಕೇಳಲೇ ಇಲ್ಲ."

ಅವಳು ಮೇಜಿನ ಮೇಲೆ ಕೈ ಚಾಚಿ ಅಂಗೈ ಮೇಲೆ ಮಾಡಿ ಇಟ್ಟಳು. ಅವನು ತೊಡೆಯ ಕೆಳಗಿನಿಂದ ತನ್ನ ಎಡಗೈ ಎಳೆದು ಅದರ ಮೇಲಿಟ್ಟ. ಗಾಯದ ಗುರುತಿದ್ದ ಕೈ. ನಡುಗುತ್ತಿತ್ತು, ಹಳೆಯ ದಿನಗಳಂತೆಯೇ. ಅವಳು ಅಲ್ಲಿಯವರೆಗೆ ಸಾವಿರಾರು ಕೈ ನೋಡಿದ್ದಳು. ಒಂದನ್ನೂ ಹಿಡಿದಿರಲಿಲ್ಲ.

"ಚೆಲ್ಲಲಾ?" ಎಂದಳು.

"ನೀನು ಚೆಲ್ಲಬೇಡ."

"ನೀನು ಚೆಲ್ಲು ಮತ್ತೆ."

"ಎತ್ತಿದ್ರೆ ಬಾಯಿಗೇ ಹೋಗುತ್ತೆ. ನನಗೆ ನನ್ನ ಕೈ ಗೊತ್ತು."

"ಮತ್ತೇನು ಮಾಡೋಣ?"

"ಗೊತ್ತಿಲ್ಲ. ಕೂತಿರು ಸ್ವಲ್ಪ."

ಕೂತರು. ಪಕ್ಕದ ಬೀದಿಯ ಮೈಕು ನಾಳೆ ಬೆಳಿಗ್ಗೆಯಿಂದ ಎಲ್ಲರಿಗೂ ಸ್ವಾಗತ ಎಂದು ಕೂಗತೊಡಗಿತು. ಇವತ್ತಿನ ಲೋಟ ಒಂದಾದರೆ ನಾಳೆ ಗೋಡೆಯುದ್ದಕ್ಕೂ ಕಪಾಟು. ಅವಳು ಅದನ್ನು ಯೋಚಿಸಿದಳು. ಅವನೂ ಅದನ್ನೇ ಯೋಚಿಸುತ್ತಿದ್ದಾನೆಂದು ಅವನ ಬೆರಳು ಬಿಗಿಯುವುದರಲ್ಲೇ ಗೊತ್ತಾಯಿತು.

ಹೊರಗೆ ಧಡಧಡ ಹೆಜ್ಜೆ ಸದ್ದು. ಯಾರೋ ಬಾಗಿಲು ಬಡಿದರು. ಕಿಟಕಿಯ ಮುಂದೆ ಕಾದು ಕಾದು ಸಾಕಾಗಿ ಅವಳನ್ನು ಹುಡುಕಿಕೊಂಡು ಬಂದವರು.

"ಕಿಟಕಿಯಕ್ಕಾ! ಅರ್ಧಕ್ಕೇ ಎದ್ದು ಬಂದರೆ ಹೆಂಗೆ? ಇನ್ನೂ ಸ್ಟಾಕ್ ಇದೆಯೋ ಇಲ್ವೋ, ಅದಾದ್ರೂ ಹೇಳು!"

ಅವಳು ಉತ್ತರಿಸಲು ಬಾಯಿ ತೆರೆದಳು. ಅಷ್ಟರಲ್ಲಿ ಎದುರಿಗೆ ಕೂತ ತಮ್ಮ ಕಣ್ಣನ್ನು ಲೋಟದಿಂದ ಕೀಳದೆ ಬಾಗಿಲ ಕಡೆಗೆ ಕೂಗಿದ.

"ಸ್ಟಾಕ್ ಇಲ್ಲ!"

ಹೆಜ್ಜೆಗಳು ಗೊಣಗುತ್ತಾ ದೂರವಾದವು. ಲೋಟ ತುಂಬಿದ ಹಾಗೆಯೇ ಇತ್ತು. ಹೊತ್ತು ಮುಳುಗುವುದಕ್ಕೆ ಇನ್ನೂ ಬಹಳ ಸಮಯವಿತ್ತು. ಅವಳು ಅವನ ಕೈ ಬಿಡಲಿಲ್ಲ.